ನುಸಿ ಸಾಕಿದ ಬೇಸಿಗೆ

ಹೋದ ತಿಂಗಳು ಬೇಲೂರಿನಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗಿದ್ದೆವು. ಕಾಫಿ ಆಗುವವರೆಗೆ ಹಿತ್ತಲಲ್ಲಿ ನಿಂತಿರೋಣವೆಂದು ಹೋದವನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಬದನೆ ಗಿಡ ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎಲೆಯ ಮೇಲೆ ಪುಡಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ಮಗುಚಿ ನೋಡಿದೆ. ಬೆನ್ನಿನ ನರದ ಅಂಚಿನಲ್ಲಿ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಂಥ ಕೆಂಪು ಧೂಳು. ಧೂಳಾದರೆ ಸುಮ್ಮನೆ ಬಿದ್ದಿರುತ್ತದೆ. ಇದು ನಡೆಯುತ್ತಿತ್ತು.

"ಏನ್ ಭಾವ, ಹೆಣ್ಣು ನೋಡಕ್ಕೆ ಬಂದೋರ ಹಂಗೆ ನೋಡ್ತಾ ಇದೀರ?" ಎಂದು ಲೋಟ ಹಿಡಿದು ನಿಂತ ನಾದಿನಿ ನಕ್ಕಳು. ನಾನೂ ನಗಬೇಕಾಗಿತ್ತು. ಆದರೆ ಒಂದು ಜೀವಮಾನದ ಹಿಂದಿನ ಭಯ ಬೆರಳ ತುದಿಯಲ್ಲಿ ಎದ್ದು ಕೂತಿತ್ತು. ಎಡಗಡೆ ತಿರುಗಿ ಪಕ್ಕದ ಮನೆಯ ಹಿತ್ತಲಲ್ಲಿ ಏನು ಬೆಳೆದಿದ್ದಾರೆ ಎಂದು ನೋಡಿದೆ. ಸದ್ಯ, ಬರೀ ಕನಕಾಂಬರ. ಆಮೇಲೆ ಲೋಟ ತೆಗೆದುಕೊಂಡೆ.

ಆ ಭಯ ಹತ್ತಿದ್ದು ತೊಂಬತ್ತರ ದಶಕದ ಕೊನೆಯ ಕಡೆಯ ಒಂದು ಬೇಸಿಗೆಯಲ್ಲಿ.

ನಮ್ಮೂರು ಹಳೇಬೀಡಿನಿಂದ ಬಾಣಾವರಕ್ಕೆ ಬರುವ ರಸ್ತೆಯಲ್ಲಿ, ಬಾಣಾವರಕ್ಕೆ ಹತ್ತಿರ. ಹಳೇಬೀಡಿನ ಕಡೆ ಮೋಡ ಕರಗಿದರೆ ನಮ್ಮ ಕಡೆ ಬರೀ ನೆರಳು ಬೀಳುತ್ತದೆ, ಅಂಥ ಜಾಗ. ಊರಿನವರದ್ದೆಲ್ಲ ತೆಂಗು, ರಾಗಿ. ತರಕಾರಿ ಅಂದರೆ ನಾನು. ಏಳನೇ ಕ್ಲಾಸಿಗೇ ಪುಸ್ತಕ ಬಿಟ್ಟು ಗುದ್ದಲಿ ಹಿಡಿದವನು ನಾನು, ಹಿಡಿದ ಮೇಲೆ ಕೆಳಗಿಟ್ಟಿಲ್ಲ. ನನ್ನ ತೋಟದಲ್ಲಿ ಒಂದು ಹಳದಿ ಎಲೆ ತೋರಿಸಿದವರಿಗೆ ಎಳನೀರು ಕುಡಿಸುತ್ತೇನೆ ಎಂದು ಪಂಥ ಕಟ್ಟುತ್ತಿದ್ದೆ. ಬಾಯಾರಿದವರು ಹುಡುಕಿ ಹುಡುಕಿ ಸೋತು ಹೋಗುತ್ತಿದ್ದರು. ಜಂಬ ಅನ್ನುವವರು ಅನ್ನಲಿ. ಮೈ ಮುರಿದು ದುಡಿದವನಿಗೆ ಅಷ್ಟು ಜಂಬ ಇರಬೇಕು.

ಕಾಮನಹಬ್ಬಕ್ಕೆ ಇನ್ನೂ ಸಮಯವಿತ್ತು. ಕೃಷಿ ಇಲಾಖೆಯ ಸಹಾಯಕರೊಬ್ಬರು ಶೈಲಜಾ ಎನ್ನುವ ಹುಡುಗಿಯನ್ನು ಕರೆದುಕೊಂಡು ಬಂದರು. ಕೃಷಿ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಾಳೆ, ಅವಳ ಪ್ರಯೋಗಕ್ಕೆ ಅರ್ಧ ಎಕರೆ ಬೇಕು ಎಂದರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಸಣ್ಣ ಭೂತಗನ್ನಡಿ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಆದರೂ ಊರಿನ ರೂಢಿಯಂತೆ ನಾವೆಲ್ಲ ಮೇಡಂ ಎಂದೇ ಕರೆದೆವು.

"ಬದನೆಯಲ್ಲಿ ಬೇರೆ ಬೇರೆ ತಳಿ ತಂದಿದ್ದೀನಿ. ಕೆಂಪು ನುಸಿ ಯಾವುದಕ್ಕೆ ಜಾಸ್ತಿ ಹತ್ತುತ್ತೆ, ಯಾವುದು ತಡ್ಕೊಳ್ಳುತ್ತೆ ಅಂತ ಹೋಲಿಸಿ ನೋಡ್ಬೇಕು. ನಾಟಿ, ಗೊಬ್ಬರ, ನೀರು ಎಲ್ಲಕ್ಕೂ ಒಂದೇ ಥರ. ಒಂದೇ ಮಾತು, ಏನೂ ಔಷಧಿ ಹೊಡೆಯೋ ಹಾಗಿಲ್ಲ."

"ಅಷ್ಟೇ ತಾನೇ?" ಅಂದೆ. ನನ್ನ ತೋಟಕ್ಕೆ ನುಸಿ ಎಲ್ಲಿಂದ ಬರಬೇಕು? ಪಾಪದ ಹುಡುಗಿ ಬಂದು ನೋಡಿಕೊಂಡು ಹೋಗಲಿ, ಕಾಲೇಜಿನವರು ಹುಡುಕಿಕೊಂಡು ಬಂದ ತೋಟ ಅಂತ ನನಗೂ ಒಂದು ಹೆಸರು. ಮಾತು ಕೊಟ್ಟೆ. ನಮ್ಮಪ್ಪ ಆಸ್ತಿ ಅಂತ ಬಿಟ್ಟು ಹೋದದ್ದರಲ್ಲಿ ಅದೂ ಒಂದು; ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ನೀರಿನದೊಂದು ಯೋಚನೆಯಿತ್ತು. ನನ್ನ ಬಾವಿ ಬೇಸಿಗೆಗೆ ತಳ ಕಾಣುತ್ತಿತ್ತು. ಬದುವಿನಾಚೆಯದು ನನ್ನ ಅಕ್ಕ ಸಾವಿತ್ರಿಯ ಹೊಲ. ಅವಳನ್ನು ಊರಲ್ಲೇ ಕೊಟ್ಟಿದ್ದೆವು. ಭಾವ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಬೆಳಗಾದರೆ ಹಳಿ ನೋಡಲು ಹೋಗುವವರು, ನೇಗಿಲು ಮುಟ್ಟಿದವರಲ್ಲ. ಹೊಲ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಬೇರೆಯವರ ಕೈಗೆ ಹೋಗುತ್ತಿತ್ತು. ಮಕ್ಕಳು ದೊಡ್ಡವಾದ ಮೇಲೆ ಅಕ್ಕ ಅದನ್ನು ಬಿಡಿಸಿಕೊಂಡು, ಬೋರು ಕೊರೆಸಿ, ತಾನೇ ಬೇಸಾಯ ಮಾಡುತ್ತೇನೆಂದು ನಿಂತಳು. "ರೈಲ್ವೆಯವನ ಹೆಂಡ್ತಿ, ನೆಳ್ಳಾಗೆ ಕೂತೋಳು, ಅವಳೇನು ಬೆಳೀತಾಳೆ" ಎಂದು ಅವಳ ಓರಗಿತ್ತಿಯರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಅವಳ ಮೊದಲನೆಯ ಬೆಳೆ ಅದು. ಬೀನ್ಸ್ ಹಾಕುವವಳಿದ್ದಳು.

ನೀರು ಕೇಳಿದಾಗ ಅಕ್ಕ ಯೋಚನೆ ಕೂಡ ಮಾಡಲಿಲ್ಲ. "ಬೆಳಿಗ್ಗೆ ನನಗೆ, ಸಂಜೆ ನಿನಗೆ. ಕರೆಂಟು ಯಾವಾಗ ಬತ್ತದೋ ಆವಾಗ ಬೆಳಿಗ್ಗೆ, ಯಾವಾಗ ಹೋಯ್ತದೋ ಆವಾಗ ಸಂಜೆ" ಎಂದು ನಕ್ಕಳು.

ನಾಟಿಯಾಯಿತು. ಮೇಡಂ ಪ್ರತಿ ಸಾಲಿಗೂ ಬಿದಿರು ಗೂಟ ಹೊಡೆದು ನಂಬರ್ ಬರೆದಿದ್ದಳು. ನಂಬರ್ ಹಿಡಿದು ನಮ್ಮ ಹೆಂಗಸರು ಮಾತಾಡುವುದುಂಟೇ? ನನ್ನ ಹೆಂಡತಿ ಗೌರಿ ಹೂ ಕಾಯಿ ಬಿಟ್ಟಂತೆಲ್ಲ ಒಂದೊಂದಕ್ಕೂ ಹೆಸರಿಟ್ಟಳು. ಒಂದಕ್ಕೆ ಗುಂಡಣ್ಣ, ಒಂದಕ್ಕೆ ಉದ್ದಕ್ಕ, ಮೈತುಂಬ ಹೂವಿಟ್ಟು ನಾಚಿಕೊಂಡಂತೆ ಬಾಗಿದ್ದಕ್ಕೆ ಸೊಸೆಮುದ್ದು. ಇನ್ನೊಂದು, ಎಲೆಯೆಲ್ಲ ಒರಟು ರೋಮ, ಕಾಂಡಕ್ಕೂ ತೊಟ್ಟಿಗೂ ಮುಳ್ಳು, ಕಾಯಿ ನೋಡಿದರೆ ಗೋಲಿಯಷ್ಟು. ಅದಕ್ಕೆ ಅತ್ತೆಮ್ಮ ಎಂದು ಇಟ್ಟಳು. "ನನ್ನತ್ತೆ ಅಲ್ಲ ಮೇಡಂ, ಬೇರೆಯೋರ ಅತ್ತೆ" ಎಂದು ನನ್ನ ಮುಖ ನೋಡಿ ತಿದ್ದಿಕೊಂಡಳು. ಉದ್ದಕ್ಕನ ಮೇಲೆ ನನಗೆ ಜೀವ. ಹೊಳೆಯುವ ನೇರಳೆ ಬಣ್ಣದ ಎಳೆಗಾಯಿ ನೋಡಿದರೆ ಅರಸೀಕೆರೆ ಮಾರ್ಕೆಟ್ಟಿನವರು ಎರಡನೇ ಮಾತಾಡುತ್ತಿರಲಿಲ್ಲ.

ಗಿಡ ಮೊಣಕಾಲೆತ್ತರ ಬಂದಾಗ ಮೇಡಂ ಒಂದು ದಿನ ಬೆಳಗಿನ ರೈಲಿಗೆ ರಟ್ಟಿನ ಡಬ್ಬಿ ಹಿಡಿದು ಬಂದಳು. ಒಳಗೆ ಒದ್ದೆ ಕಾಗದದ ನಡುವೆ ಬಾಡಿದ ಬೀನ್ಸ್ ಎಲೆಗಳು. ಎಲೆ ತುಂಬ ನವಿರಾದ ಬಲೆ, ಬಲೆಯೊಳಗೆ ಕೆಂಪು ಹುಡಿ.

"ಏನಮ್ಮ ಇದು?"

"ನುಸಿ. ನಾವೇ ಸಾಕಿದ್ದು. ಒಂದೊಂದು ಗಿಡಕ್ಕೂ ಒಂದೊಂದು ತುಂಡು ಎಲೆ ಗುಂಡುಸೂಜೀಲಿ ಚುಚ್ಚಬೇಕು."

ನೆಂಟರ ಮನೆಗೆ ಹಣ್ಣು ಒಯ್ಯುವುದು ಗೊತ್ತು, ರೋಗ ಒಯ್ಯುವುದು ನಾನು ಕಂಡಿರಲಿಲ್ಲ. "ಬಂದ್ರೆ ನೋಡೋಣ ಅಂದಿದ್ರಿ. ತಂದು ಬಿಡ್ತೀನಿ ಅಂದಿರ್ಲಿಲ್ಲ."

ಅವಳ ಮುಖ ಸಣ್ಣದಾಯಿತು. "ಸಹಾಯಕರು ಹೇಳಿರ್ತಾರೆ ಅಂದ್ಕೊಂಡೆ. ತಾವಾಗೇ ಬರೋವರೆಗೂ ಕಾದ್ರೆ ಒಂದು ಗಿಡಕ್ಕೆ ಬರುತ್ತೆ, ಇನ್ನೊಂದಕ್ಕೆ ಬರಲ್ಲ. ಬಾರದೆ ಇದ್ದ ಗಿಡ ಗಟ್ಟಿಯೋ, ಅದರ ಅದೃಷ್ಟ ಗಟ್ಟಿಯೋ ಹೇಗೆ ಹೇಳೋದು ಚಂದ್ರಣ್ಣ? ಎಲ್ಲಕ್ಕೂ ಒಂದೇ ಕಷ್ಟ ಕೊಟ್ಟರೇನೇ ಹೋಲಿಕೆ."

ಮಾತು ನ್ಯಾಯವಾಗಿತ್ತು. ಅದೇ ನನಗೆ ಸಂಕಟ. "ಬೀನ್ಸ್ ಎಲೆ ಯಾಕೆ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಬೀನ್ಸ್ ಅಂದ್ರೆ ಇವಕ್ಕೆ ಪ್ರಾಣ. ಬೇರೆ ಯಾವುದರ ಮೇಲೂ ಇಷ್ಟು ಬೇಗ ಹೆಚ್ಚಲ್ಲ."

ಬದುವಿನಾಚೆ ನೋಡಿದೆ. ಅಕ್ಕನ ಬೀನ್ಸು ಆಗ ತಾನೇ ಮೂರೆಲೆಯ ಗೊಂಚಲು ಬಿಚ್ಚುತ್ತಿತ್ತು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ. ಮೊರ ನಿಂತಿತು.

"ದಾಟ್ತವೇನೋ?"

"ದಾಟಲ್ಲ ಕಣಕ್ಕ. ನಾನಿದ್ದೀನಲ್ಲ."

"ನೀನಿದ್ರೆ?"

"ನನ್ನ ಹೊಲದಿಂದ ಒಂದು ಹುಳ ನಿನ್ನ ಕಡೆಗೆ ದಾಟಕ್ಕೆ ಬಿಡಲ್ಲ. ಮಾತು."

ಅವಳು ನನ್ನನ್ನೇ ನೋಡಿದಳು, ಚಿಕ್ಕವನಿದ್ದಾಗ ಮರ ಹತ್ತುವಾಗ ಕೆಳಗೆ ನಿಂತು ನೋಡುತ್ತಿದ್ದ ಹಾಗೆ. ಮೊರ ಮತ್ತೆ ಆಡತೊಡಗಿತು. ಕರೆಂಟು ಬಂದಾಗ ನನ್ನ ಕಾಲುವೆಗೆ ಎಂದಿನಂತೆ ನೀರು ಬಂತು.

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ನುಸಿ ಹೇಗೆ ಓಡಾಡುತ್ತದೆ ಎಂದು ಮೇಡಂನ ಬಾಯಿಂದ ಕೇಳಿ ತಿಳಿದುಕೊಂಡೆ. ಗಿಡ ಸಾಯುವ ಹೊತ್ತಿಗೆ ಎಲೆಯ ತುದಿಗೆ ಹತ್ತಿ ನಿಂತು, ನೂಲು ಬಿಟ್ಟು ಗಾಳಿಗೆ ಜೋತುಬೀಳುತ್ತವಂತೆ; ಗಾಳಿ ಒಯ್ದ ಕಡೆ ಇಳಿಯುತ್ತವಂತೆ. ಹಾಗಾದರೆ ನನ್ನ ಶತ್ರು ಗಾಳಿ. ಅವಳು ಹೇಳಿದಂತೆ ಬದುವಿನ ಉದ್ದಕ್ಕೂ ಮುಸುಕಿನ ಜೋಳ ಒತ್ತಾಗಿ ಬಿತ್ತಿ ಗೋಡೆಯ ಹಾಗೆ ಬೆಳೆಸಿದೆ. ಒಂದು ಕೋಲಿಗೆ ಹಳೆಯ ಟವೆಲಿನ ಚಿಂದಿ ಕಟ್ಟಿ ಗಾಳಿ ಯಾವ ಕಡೆಗೆ ಎಂದು ದಿನವಿಡೀ ನೋಡುತ್ತಿದ್ದೆ. ಚಿಂದಿ ಅಕ್ಕನ ಹೊಲದ ಕಡೆ ಹಾರಿದರೆ ಊಟ ಸೇರುತ್ತಿರಲಿಲ್ಲ. ಮೊದಲು ಆರೋಗ್ಯದ ಬೆಳೆ ನೋಡಿ, ಆಮೇಲೆ ರೋಗದ ಬೆಳೆ ಮುಟ್ಟಿ ಎಂದು ಮೇಡಂ ಹೇಳಿದ್ದಳು. ಹಾಗೆಯೇ, ಬೆಳಿಗ್ಗೆ ಇಬ್ಬನಿ ಆರಿದೊಡನೆ, ಬದನೆಗೆ ಕಾಲಿಡುವ ಮುಂಚೆ, ಬದುವಿನ ಪಕ್ಕದ ಬೀನ್ಸ್ ಸಾಲಿನ ಎಲೆ ಒಂದೊಂದಾಗಿ ಮಗುಚುತ್ತಿದ್ದೆ. ಚೊಕ್ಕಟ. ಮರುದಿನವೂ ಚೊಕ್ಕಟ. ಆದರೂ ಎದೆಯ ಭಾರ ಇಳಿಯುತ್ತಿರಲಿಲ್ಲ, ನಾಳೆಯದೊಂದು ಇರುತ್ತಿತ್ತಲ್ಲ.

ಇತ್ತ ನನ್ನ ಬದನೆ ನನ್ನ ಕಣ್ಣೆದುರಿಗೇ ಕೆಡತೊಡಗಿತು. ಮೊದಲು ಬಿದ್ದವನು ಗುಂಡಣ್ಣ. ಎಲೆ ಚುಕ್ಕಿಯಾಗಿ, ಚುಕ್ಕಿ ಕೂಡಿ, ಹಳೆಯ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಸೊಸೆಮುದ್ದು ಹೂ ಉದುರಿಸಿ ನಿಂತಳು. ಉದ್ದಕ್ಕ ಸ್ವಲ್ಪ ದಿನ ತಾಳಿ, ಆಮೇಲೆ ಒಂದೇ ಸಲಕ್ಕೆ ಬಲೆ ಹೊದ್ದುಕೊಂಡಳು. ಮೇಡಂ ಒಂದೊಂದು ಗಿಡದ ಮೇಲೆಲೆ, ನಡುವಿನೆಲೆ, ಕೆಳಗಿನೆಲೆ ಮಗುಚಿ, ಭೂತಗನ್ನಡಿ ಹಿಡಿದು ಎಣಿಸುತ್ತಿದ್ದಳು. ಬಿಸಿಲಿಗೆ ಅವಳ ಮೂಗಿನ ಚರ್ಮ ಸುಲಿದಿತ್ತು. ಅವಳೂ ನೆಮ್ಮದಿಯಾಗಿರಲಿಲ್ಲ. ಜೋರು ಮಳೆ ಒಂದು ಹೊಡೆದರೆ ನುಸಿ ತೊಳೆದುಹೋಗುತ್ತದೆ, ಕೊನೆಯ ಎಣಿಕೆ ಮುಗಿಯುವ ಮುಂಚೆ ಹಾಗಾದರೆ ಇನ್ನೊಂದು ಬೇಸಿಗೆ ಕಾಯಬೇಕು, ಮನೆಯಲ್ಲಿ ಅಷ್ಟು ಕಾಯುವವರಿಲ್ಲ ಎಂದು ಗೌರಿಯ ಹತ್ತಿರ ಹೇಳಿಕೊಂಡಿದ್ದಳಂತೆ.

ತೋಟ ರಸ್ತೆಗೆ ಕಾಣುತ್ತಿತ್ತು. ಹೋಟೆಲಿನ ಬೆಂಚಿನ ಮೇಲೆ ನನ್ನ ಓರಗೆಯ ತಿಮ್ಮಣ್ಣ ನನಗಾಗಿಯೇ ಕಾದಿರುತ್ತಿದ್ದ.

"ಏನ್ಲಾ ಚಂದ್ರ, ಜನ ಹಸ ಸಾಕ್ತಾರೆ, ಕೋಳಿ ಸಾಕ್ತಾರೆ. ನೀನು ನುಸಿ ಸಾಕ್ತೀಯಂತೆ. ಹೊತ್ತಿಗೆಷ್ಟು ಹಾಲು ಕೊಡ್ತವೆ?"

"ನಿನ್ನ ತಲೇಲಿರೋ ಹೇನಿನಷ್ಟು ಕೊಡಲ್ಲ ಬಿಡಲಾ."

"ಎಳನೀರು ಕೊಡ್ತೀನಿ ಅಂತಿದ್ದೆ ಹಳದಿ ಎಲೆಗೆ. ಈಗ ಹಸಿರೆಲೆ ತೋರಿಸಿದ್ರೆ ಕೊಡ್ತೀಯೇನು?"

ಬೆಂಚೆಲ್ಲ ನಕ್ಕಿತು. ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಮಾನ ಹೋದರೂ ಹೋಗಲಿ, ಅಕ್ಕನ ಹೊಲ ಒಂದು ಉಳಿದರೆ ಸಾಕು ಎಂದುಕೊಂಡು ಬಂದು ಮತ್ತೆ ಚಿಂದಿ ನೋಡಿದೆ.

ಅಕ್ಕನ ಬೀನ್ಸು ಕೊಯ್ಲಿಗೆ ಬಂತು. ನಮ್ಮ ಕಡೆ ಮುಯ್ಯಾಳು ಎನ್ನುವ ಪದ್ಧತಿ: ಕೂಲಿಯಿಲ್ಲ, ನನ್ನ ಹೊಲಕ್ಕೆ ನೀನು ಬಾ, ನಿನ್ನ ಹೊಲಕ್ಕೆ ನಾನು ಬರುತ್ತೇನೆ. ಅಕ್ಕ, ಗೌರಿ ಮತ್ತು ಬೀದಿಯ ಇಬ್ಬರು ಹೆಂಗಸರು ಹೀಗೆ ಕೂಡಿಕೊಂಡಿದ್ದರು. ಬೆಳಿಗ್ಗೆ ಬೀನ್ಸಿಗೆ ಇಳಿಯುವಂತಿಲ್ಲ. ಇಬ್ಬನಿ ಆರದೆ ಗಿಡ ಮುಟ್ಟಿದರೆ ಎಲೆಗೆ ತುಕ್ಕು ರೋಗ ಹತ್ತುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ತಂಪು ಹೊತ್ತಿನಲ್ಲಿ ನನ್ನ ಬದನೆ ಕಿತ್ತು, ಯಾವ ಸಾಲಿನದು ಎಷ್ಟು ತೂಗುತ್ತದೆ ಎಂದು ಮೇಡಂಗೆ ತೂಗಿಕೊಟ್ಟು, ರೊಟ್ಟಿ ತಿಂದು, ಬಿಸಿಲು ಬಿದ್ದ ಮೇಲೆ ಬೀನ್ಸಿಗೆ ಹೋಗುತ್ತಿದ್ದರು.

ಮೊದಲ ಕೊಯ್ಲಿನ ಮೂಟೆ ಬಸ್ಸಿನ ಮೇಲೆ ಅರಸೀಕೆರೆಗೆ ಹೋದ ದಿನ ಅಕ್ಕ ಓರಗಿತ್ತಿಯರ ಕಟ್ಟೆಯ ಮುಂದೆಯೇ ನಡೆದು ಬಂದಳಂತೆ, ನಿಧಾನವಾಗಿ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನಾನು ಜೋಳಕ್ಕೆ ನೀರು ಕಟ್ಟುತ್ತಿದ್ದೆ. ಬದುವಿನಾಚೆಯಿಂದ ಅಕ್ಕನ ದನಿ.

"ಚಂದ್ರಾ. ಬಾ ಇಲ್ಲಿ."

ಕೂಗಿರಲಿಲ್ಲ. ಕೂಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ಹೋದೆ. ಹೊಲದ ನಟ್ಟನಡುವೆ, ನೀರಿನ ಕಾಲುವೆ ಹಾಯುವ ಕಡೆ ನಿಂತಿದ್ದಳು. ಕೈಯಲ್ಲಿ ಒಂದು ಎಲೆ. ಮೇಲೆ ಪುಡಿ ಉಪ್ಪು.

ಮಗುಚಲು ಕೈ ಬರಲಿಲ್ಲ. ಅವಳೇ ಮಗುಚಿ ತೋರಿಸಿದಳು.

"ಇಲ್ಲಿಗೆ ಹೆಂಗೆ ಬಂತು?" ಎಂದೆ. ಬದುವಿನ ಪಕ್ಕದ ಸಾಲು ಆವತ್ತು ಬೆಳಿಗ್ಗೆಯೂ ಚೊಕ್ಕಟವಿತ್ತು. ಅದನ್ನು ಹಾರಿ, ಅದರಾಚೆಯ ಸಾಲುಗಳನ್ನೂ ಹಾರಿ, ನಡುವೆ ಬಂದು ಕೂತಿದೆಯೆಂದರೆ ಗಾಳಿಗೇನು ಕಣ್ಣಿದೆಯೇ? ಜೋಳ ನೋಡಿದೆ, ಚಿಂದಿ ನೋಡಿದೆ. ಒಂದೂ ಹೊಂದಲಿಲ್ಲ.

ಗೌರಿ ಓಡಿ ಹೋಗಿ ಮೇಡಂನ ಕರೆತಂದಳು. ಅವಳು ಎಲೆ ನೋಡಿ, ಸುತ್ತ ನೋಡಿ, ಕಾಲುವೆಯ ಎರಡೂ ಬದಿಗೆ ನಡೆದು ಬಂದು ಕೇಳಿದಳು: "ಕಾಯಿ ಕೀಳೋಕೆ ಎಲ್ಲಿಂದ ಶುರು ಮಾಡ್ತೀರ?"

"ಇಲ್ಲಿಂದ್ಲೇ. ಕಾಲುವೆ ಏರಿ ಮೇಲೆ ನಡ್ಕೊಂಡು ಬಂದು ಇಲ್ಲಿ ಇಳೀತೀವಿ."

"ಅದಕ್ಕೆ ಮುಂಚೆ?"

"ಬದನೆ ಕಿತ್ತು, ರೊಟ್ಟಿ ತಿಂದು..." ಅಕ್ಕನ ಮಾತು ಅಲ್ಲಿಗೆ ನಿಂತಿತು.

ಕಾಯಿ ಕೀಳುವಾಗ ನಮ್ಮ ಹೆಂಗಸರು ಹಳೆ ಸೀರೆಯ ತುಂಡನ್ನು ಸೊಂಟಕ್ಕೆ ಸುತ್ತಿ, ಮುಂದೆ ಚೀಲದ ಹಾಗೆ ಮಡಿಲು ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಕಟ್ಟಿದ್ದು ಸಂಜೆಗೇ ಬಿಚ್ಚುವುದು. ಮೇಡಂ ಅಕ್ಕನ ಮಡಿಲಿನ ಅಂಚು ಹಿಡಿದು ಭೂತಗನ್ನಡಿ ಇಟ್ಟಳು. ಬಹಳ ಹೊತ್ತು ಬೇಕಾಗಲಿಲ್ಲ. ಅಕ್ಕನೂ ಬಗ್ಗಿ ನೋಡಿದಳು. ಬಿಳಿ ನೂಲಿನ ಎಳೆಯ ಮೇಲೆ, ಕಂಬಿಯ ಮೇಲೆ ರೈಲು ಹೋಗುವ ಹಾಗೆ, ಕೆಂಪಗೆ ಒಂದು ನಡೆದುಹೋಗುತ್ತಿತ್ತು.

ಗಾಳಿಯನ್ನು ಕಾದೆ, ಬದು ಕಾದೆ. ನನ್ನ ಹೆಂಡತಿಯ, ನನ್ನ ಅಕ್ಕನ ಸೊಂಟದ ಮೇಲೆ ಕೂತು ಹಗಲು ಹೊತ್ತಿನಲ್ಲೇ ಅವು ದಾಟಿದ್ದವು. ಇಬ್ಬನಿಗೆ ಹೆದರಿ ಬೆಳಗಿನ ಹೊತ್ತು ಬೀನ್ಸ್ ಮುಟ್ಟದೆ ಕಾಪಾಡಿದ ಆ ಒಳ್ಳೆಯ ರೂಢಿಯೇ ಅವನ್ನು ಹೊತ್ತು ತಂದಿತ್ತು.

ಅಕ್ಕ ಮಡಿಲು ಬಿಚ್ಚಿ ನೆಲಕ್ಕೆ ಹಾಕಿದಳು. "ತವರುಮನೇರು ಮಡಿಲು ತುಂಬಿ ಕಳಿಸವ್ರೆ ನೋಡ್ರಮ್ಮ" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

"ಮೇಡಂ, ನಾಳೆ ಬೆಳಿಗ್ಗೆ ಬದನೆಗೆಲ್ಲ ಗಂಧಕ ಉದುರಿಸ್ತೀನಿ. ಇಲ್ಲಾಂದ್ರೆ ಗಿಡಾನೇ ಕಿತ್ತು ಸುಡ್ತೀನಿ. ನನ್ನ ಕೈಲಿ ಇನ್ನಾಗಲ್ಲ."

ಮೇಡಂ ಇಷ್ಟೇ ಅಂದಳು: "ನಿಮ್ಮ ಹೊಲ ಚಂದ್ರಣ್ಣ. ನಾನು ಬೇಡ ಅನ್ನೋಕಾಗಲ್ಲ." ಭೂತಗನ್ನಡಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಅಕ್ಕ ಕೇಳಿದಳು: "ನಿನ್ನ ಲೆಕ್ಕ ಇನ್ನೆಷ್ಟು ಬಾಕಿ ಐತೆ ತಾಯಿ?"

"ಒಂದು ಎಣಿಕೆ. ಎರಡು ವಾರ."

ಅಕ್ಕ ತನ್ನ ಹೊಲ ಒಂದು ಸುತ್ತು ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ನಡುವಿನ ಸಾಲಿಗಿಳಿದು, ಕಾಯಿ ಜೋತುಬಿದ್ದ ಗಿಡವನ್ನೇ ಬುಡಸಮೇತ ಕಿತ್ತಳು. ಇನ್ನೊಂದು. ಮತ್ತೊಂದು. ನಾನು ಕೈ ಹಾಕಲು ಹೋದೆ.

"ಮುಟ್ಟಬ್ಯಾಡ! ನಿನ್ನ ಬಟ್ಟೇಲೂ ಐತೆ. ಆ ಕಡೀಕೋಗು."

ಬದುವಿಗೆ ಹೋಗಿ ನಿಂತೆ. ಕಾಲುವೆಯ ಎರಡು ಬದಿಯ ಸಾಲುಗಳೂ ನೆಲಕ್ಕೆ ಬಿದ್ದವು. ಕೈಯ ಮಣ್ಣು ಕೊಡವಿ ಅವಳು ನನ್ನ ಕಡೆ ತಿರುಗಿದಳು. "ಇವತ್ತಿಂದ ನಿನ್ನ ಹೊಲ ತುಳಿದೋರು ಯಾರೂ ನನ್ನ ಹೊಲಕ್ಕೆ ಬರಂಗಿಲ್ಲ. ನೀನೂ ಇಲ್ಲ, ಗೌರೀನೂ ಇಲ್ಲ. ಮುಯ್ಯಿ ನಿಂತೋಯ್ತು. ಆ ಹುಡುಗಿ ಲೆಕ್ಕ ಮುಗಿಸ್ಕೊಳ್ಳಿ."

"ನೀರು?" ಎಂದೆ. ಕೇಳಬಾರದಿತ್ತು.

"ನೀರಿಗೇನು ನುಸಿ ಹತ್ತೈತಾ?"

ಆ ಎರಡು ವಾರ ಒಂದೇ ತಾಯಿಯ ಮಕ್ಕಳು ಬದುವಿನ ಆಚೆ ಈಚೆ ನಿಂತು ಮಾತಾಡಿದೆವು. ಅಕ್ಕ ಬೇರೆ ಆಳು ಕರೆಯಲಿಲ್ಲ. ಬಿಸಿಲೇರುವ ಮೊದಲು ತೆಳ್ಳನೆ ಬಟ್ಟೆಯಲ್ಲಿ ಗಂಧಕದ ಪುಡಿ ಕಟ್ಟಿ, ಕೋಲಿಗೆ ತೂಗುಹಾಕಿ, ಗಿಡಗಳ ಮೇಲೆ ತಟ್ಟುತ್ತಾ ಹೋದಳು. ಕೀಳಲು ಭಾವನನ್ನು ಇಳಿಸಿದಳು. ರಜೆಯ ದಿನ ಅವರು ಖಾಕಿ ಚಡ್ಡಿಯಲ್ಲೇ ಬಂದು, ಹಳಿಯ ಬೋಲ್ಟು ನೋಡುವ ಹಾಗೆ ಒಂದೊಂದು ಗಿಡಕ್ಕೂ ಬಗ್ಗಿ ಬಗ್ಗಿ ನೋಡಿ ಕೀಳುವರು. "ಹಿಂಗೆ ಕಿತ್ರೆ ಗಾಡಿ ಲೇಟಾಯ್ತದೆ ಕಣ್ರೀ!" ಎಂದು ಅಕ್ಕ ಬೈಯುವುದು ಈಚೆಗೆ ಕೇಳಿಸುತ್ತಿತ್ತು. ಭಾವ ಬದುವಿನ ಹತ್ತಿರ ಬಂದಾಗ ನನ್ನ ಮುಖ ನೋಡಿ, "ಯೋಚನೆ ಮಾಡ್ಬ್ಯಾಡ ಚಂದ್ರ. ಸಡಿಲಾಗಿದ್ದು ಸಿಕ್ತಲ್ಲ, ಸಿಗದೆ ಇರೋದೇ ಅಪಾಯ" ಎಂದರು. ಆ ಮಾತು ಹಗಲು ಸಮಾಧಾನ ಕೊಟ್ಟಿತು. ಮಲಗಿದ ಮೇಲೆ ಸಿಗದೆ ಇರುವುದೇ ಎಲ್ಲೆಲ್ಲೂ ಕಂಡಿತು.

ಆಚೆಗೆ ಹೋಗಿ ಎಲೆ ಮಗುಚುವ ಹಾಗಿಲ್ಲ. ದೂರದಿಂದ ಹಸಿರಿನ ಬಣ್ಣ ನೋಡಿ ಊಹಿಸಬೇಕು. ಬೆಳಗಿನ ಬಿಸಿಲಲ್ಲಿ ಚೆನ್ನಾಗಿ ಕಂಡದ್ದು ಮಧ್ಯಾಹ್ನಕ್ಕೆ ತಾಮ್ರವಾದಂತೆ ಕಾಣುತ್ತಿತ್ತು. "ಅಕ್ಕ, ಆ ಮೂಲೆ ಬಾಡಿದಂಗೈತೆ, ನೋಡು." "ಬಾಡಿಲ್ಲ." "ಮಗುಚಿ ನೋಡ್ದಾ?" "ನೋಡ್ದೆ ಕಣೋ! ನಿನ್ನ ಕಣ್ಣೇ ಬಾಡೈತೆ, ಹೋಗಿ ಉಂಡು ಮಲಿಕ್ಕೋ." ಒಂದು ಸಲ ಆ ಮೂಲೆಯಲ್ಲಿ ನಿಜವಾಗಿಯೂ ಹತ್ತಿತ್ತು. ಅವಳು ಮೂರ್ನಾಲ್ಕು ಗಿಡ ಕಿತ್ತು ಗೋಣಿಗೆ ತುಂಬಿದಳು. ನಾನು ಆವತ್ತು ಬದುವಿನ ಹತ್ತಿರ ಸುಳಿಯಲಿಲ್ಲ.

ಅಶ್ವಿನಿ ಮಳೆ ಒಣಗಿಹೋಗಿತ್ತು, ಭರಣಿ ಹುಟ್ಟಿತ್ತು. ಪಡುವಲ ದಿಕ್ಕಿನಲ್ಲಿ ದಿನಾ ಮೋಡ ಏರುತ್ತಿತ್ತು. ಮಳೆ ಬಂದರೆ ಅಕ್ಕ ಬದುಕುತ್ತಾಳೆ, ಮೇಡಂ ಮುಳುಗುತ್ತಾಳೆ. ಬಾರದಿದ್ದರೆ ಇವಳು ದಡ ಸೇರುತ್ತಾಳೆ, ಅವಳು ಸೋಲುತ್ತಾಳೆ. ಒಂದು ಸಂಜೆ ಹಳೇಬೀಡಿನಿಂದ ಬಂದ ಬಸ್ಸಿನ ಮೇಲಿನಿಂದ ನೀರು ಇಳಿಯುತ್ತಿತ್ತು, ಚಕ್ರಕ್ಕೆಲ್ಲ ಕೆಸರು. ನಮ್ಮ ರಸ್ತೆಯಲ್ಲಿ ಧೂಳು ಹಾರುತ್ತಿತ್ತು. ನಿಲ್ದಾಣದ ಹುಣಸೆಮರದ ಕೆಳಗೆ ಮೇಡಂ ನಿಂತಿದ್ದಳು, ಮೂಟೆ ಏರಿಸಲು ಅಕ್ಕ ನಿಂತಿದ್ದಳು. ಇಬ್ಬರೂ ಆ ಒದ್ದೆ ಬಸ್ಸನ್ನೇ ನೋಡಿದರು. ಒಬ್ಬಳು ಬೇಡವೆಂದು, ಒಬ್ಬಳು ಬೇಕೆಂದು. ನಾನು ದೇವರಿಗೆ ಕೈಮುಗಿಯಲು ಹೋಗಿ, ಏನು ಕೇಳುವುದೆಂದು ತಿಳಿಯದೆ ಕೈ ಇಳಿಸಿದೆ. ಮಾಲೇಕಲ್ಲಿನ ವೆಂಕಟರಮಣನಾದರೂ ಇದಕ್ಕೆ ಏನು ಮಾಡಿಯಾನು?

ಮಳೆ ಬರಲಿಲ್ಲ. ಕೊನೆಯ ಎಣಿಕೆಯ ದಿನ ಮೇಡಂ ಬೆಳಿಗ್ಗೆ ಕೂತವಳು ಇಳಿಹೊತ್ತಿಗೆ ಎದ್ದಳು. ಸಾಲುಗಳಲ್ಲಿ ಹಸಿರಾಗಿ ಉಳಿದಿದ್ದು ಅತ್ತೆಮ್ಮ ಒಂದೇ. ಅವಳ ಒರಟು ಎಲೆಯ ಮೇಲೂ ನುಸಿ ಇತ್ತು, ಆದರೆ ಸಂಸಾರ ಬೆಳೆಸಲು ಅವಳು ಬಿಟ್ಟಿರಲಿಲ್ಲ. ನನ್ನ ಉದ್ದಕ್ಕ ಕೆಳಗಿನಿಂದ ಎಣಿಸುವ ಕಡೆ ಇದ್ದಳು.

"ಇದನ್ನ ತಿನ್ನೋರ್ಯಾರು ಮೇಡಂ? ಬಾಯಿಗಿಟ್ರೆ ಕಹಿ" ಎಂದಳು ಗೌರಿ.

"ತಿನ್ನೋಕಲ್ಲ ಗೌರಕ್ಕ. ಇದರ ಗುಣ ತಗೊಂಡು ಒಳ್ಳೆ ಕಾಯಿಗೆ ಸೇರಿಸ್ಬೇಕು. ಅದು ನನ್ನ ಮುಂದಿನವರ ಕೆಲಸ. ಯಾರನ್ನ ಕೇಳ್ಬೇಕು ಅಂತ ಈಗ ಗೊತ್ತಾಯ್ತಲ್ಲ, ಅಷ್ಟೇ ನನ್ನದು." ಹೇಳುತ್ತಾ ಅವಳ ಕಣ್ಣು ತುಂಬಿತು. ಆಯಾಸಕ್ಕೋ ಸಂತೋಷಕ್ಕೋ. ಬದುವಿನ ಹತ್ತಿರ ಹೋಗಿ, ದಾಟದೆ, ಅಕ್ಕನಿಗೆ ಅಲ್ಲಿಂದಲೇ ಕೈಮುಗಿದಳು. ಅಕ್ಕ, "ಆಯ್ತಾ ತಾಯಿ? ಹೋಗಿ ಮೊದ್ಲು ಮೂಗ್ಗೆ ಕೊಬ್ಬರೆಣ್ಣೆ ಹಚ್ಕೋ" ಎಂದಳು.

ಮೇಡಂ ರೈಲಿಗೆ ಹೋದಳು. ನಾನು ಸಾಲಿನ ತುದಿಯಲ್ಲಿ ನಿಂತೆ, ಎಲ್ಲಿಂದ ಶುರು ಮಾಡುವುದೆಂದು. ಅಷ್ಟರಲ್ಲಿ ಜೋಳ ಸರಿಸಿಕೊಂಡು ಅಕ್ಕ ಬಂದಳು. ಹಳೆಯ ಸೀರೆ ಉಟ್ಟಿದ್ದಳು. ಕಿತ್ತ ಮೇಲೆ ಸುಡುವುದಕ್ಕೆಂದೇ ಉಟ್ಟು ಬಂದದ್ದು ಎಂದು ಆಮೇಲೆ ತಿಳಿಯಿತು.

"ಇನ್ನೇನು ನೋಡ್ತಾ ನಿಂತೆ? ಕೀಳು."

ಗೌರಿ, ಅಕ್ಕ, ನಾನು. ಗುಂಡಣ್ಣ, ಸೊಸೆಮುದ್ದು, ಉದ್ದಕ್ಕ, ಎಲ್ಲರೂ ರಾಶಿಗೆ ಬಿದ್ದರು. ಬದುವಿನಿಂದ ದೂರ, ಗಾಳಿಗೆ ಬೆನ್ನು ಕೊಟ್ಟು ಬೆಂಕಿ ಹಾಕಿದೆವು. ಒಣಗಿದ ಎಲೆ ಚಟಪಟ ಅಂದಿತು. ಅಕ್ಕನ ಬೀನ್ಸು ಎಷ್ಟು ಹೋಗಿತ್ತು, ಎಷ್ಟು ಉಳಿದಿತ್ತು ಎಂದು ಅವಳು ಒಂದು ದಿನವೂ ಹೇಳಿರಲಿಲ್ಲ. ನಡುವಿನಲ್ಲಿ ಬೋಳಾಗಿ ಬಿದ್ದ ಪಟ್ಟಿ ಮಾತ್ರ ಕಾಣುತ್ತಿತ್ತು. ಎರಡೂ ಕಡೆ ಹಸಿರಿತ್ತು, ಹೂವೂ ಇತ್ತು. ಇನ್ನೊಂದೆರಡು ಕೊಯ್ಲಿಗೆ ಮೋಸವಿರಲಿಲ್ಲ. ಆದರೂ ನನ್ನ ಕಣ್ಣಿಗೆ ಆ ಪಟ್ಟಿಯೇ ಬೀಳುತ್ತಿತ್ತು.

"ದಾಟಲ್ಲ ಅಂತ ಮಾತು ಕೊಟ್ಟಿದ್ದೆ ಕಣಕ್ಕ" ಎಂದೆ.

"ಕೊಟ್ಟಿದ್ದೆ."

"ಉಳಿಸ್ಕೊಳ್ಳಕ್ಕೆ ಆಗ್ಲಿಲ್ಲ."

ಅಕ್ಕ ಕೋಲಿನಿಂದ ರಾಶಿ ಕೆದಕಿದಳು. "ಅದನ್ನ ನಾನು ನಂಬಿದ್ರಲ್ವೇನೋ? ಕಣ್ಣಿಗೇ ಕಾಣದ ಹುಳ, ನೀನು ಬ್ಯಾಡ ಅಂದ್ರೆ ನಿಂತ್ಕೊಂತದಾ?"

"ಮತ್ತೆ ನೀರ್ಯಾಕೆ ಬಿಟ್ಟೆ?"

"ಆ ಹುಡುಗಿ ಡಬ್ಬಿ ತೆಗೆದ ಸಂಜೇನೇ ಬಂದು ಹೇಳ್ದೆಯಲ್ಲ, ಅದಕ್ಕೆ. ಮುಚ್ಚಿಟ್ಟು ನನಗೆ ಬೇರೆಯೋರ ಬಾಯಿಂದ ಗೊತ್ತಾಗಿದ್ರೆ ಅವತ್ತೇ ಮೋಟರ್ ನಿಲ್ಲಿಸ್ತಿದ್ದೆ."

ನಾನು ಬೆಂಕಿ ನೋಡುತ್ತಾ ಕೂತೆ. ಜೋಳ ಬಿತ್ತಿ, ಚಿಂದಿ ಕಟ್ಟಿ, ಅನ್ನ ನಿದ್ದೆ ಬಿಟ್ಟು ಆ ಬೇಸಿಗೆಯೆಲ್ಲ ನಾನು ಕಾದದ್ದು, ಅವಳು ಮೊದಲ ದಿನವೇ ನಂಬದೆ ಪಕ್ಕಕ್ಕಿಟ್ಟ ಒಂದು ಮಾತನ್ನು. ನನ್ನ ಮಾತಿಗೆ ಬೆಲೆಯಿಲ್ಲ ಎಂದು ಬೇರೆ ಯಾರಾದರೂ ಅಂದಿದ್ದರೆ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅವತ್ತು ಸಿಟ್ಟು ಹುಡುಕಿದೆ, ಸಿಗಲಿಲ್ಲ.

ಗಾಳಿ ತಿರುಗಿ ಹೊಗೆ ನನ್ನ ಮುಖಕ್ಕೆ ಬಂತು.

"ಹೊಗೇಲೇ ಕೂತವ್ನೆ ನೋಡು, ಪೆದ್ದ" ಎಂದು ಅಕ್ಕ ತಾನು ಕೂತಿದ್ದ ಕಲ್ಲಿನ ಮೇಲೆ ಅರ್ಧ ಸರಿದಳು. "ಬಾ ಈ ಕಡೀಕೆ."